'ಸಾನ್ ಸೊಲೇ' ಚಲಚ್ಚಿತ್ರದಲ್ಲಿ ಸ್ಮೃತಿವಿಚಾರ

ಫ್ರಾನ್ಸ್ ದೇಶದ ಕ್ರಿಸ್ ಮಾರ್ಕರ್ (೧೯೨೧-೨೦೧೨) ಎಂಬಾತನು ೧೯೮೩ರಲ್ಲಿ ಹೊರತಂದ 'ಸಾನ್ ಸೊಲೇ' ಎಂಬ ಚಲಚ್ಚಿತ್ರಕ್ಕೆ ಕಥಾವಸ್ತುವೆಂಬುದಿಲ್ಲ. ಹೆಸರಿಗೆ 'ಸೂರ್ಯರಹಿತ'ವೆಂದರ್ಥ, ರಷ್ಯದ ಮುಸ್ಸೋರ್ಗ್‌ಸ್ಕಿಯ ಗೀತಮಾಲೆಯೊಂದರಿಂದ ಬಂದುದು. ಸಾಂಡೋರ್ ಕ್ರಾಸ್ನ ಎಂಬ ಸಂಚಾರಿಯು ಬರೆದ ಓಲೆಗಳನ್ನು ಸ್ತ್ರೀಯೊಬ್ಬಳು ಓದುತ್ತಾಳೆ. ಜಪಾನು, ಗಿನಿ-ಬಿಸ್ಸೌ, ಐಸ್‌ಲೆಂಡ್, ಸಾನ್ ಫ್ರಾನ್ಸಿಸ್ಕೋಗಳ ದೃಶ್ಯಗಳು ಮುಕ್ತಕಗಳಂತೆ ಒಂದರ ಮೇಲೊಂದು ಬರುವುವು. ಆ ಸಂಚಾರಿಯು ಕಲ್ಪಿತನು. ಮಾರ್ಕರನೇ ಆ ವೇಷದಲ್ಲಿರುವನು.

ನಮ್ಮ ತಾರ್ಕಿಕರ ಮತದಲ್ಲಿ ಸ್ಮೃತಿಯು ಕೇವಲ ಸಂಸ್ಕಾರದಿಂದ ಹುಟ್ಟತಕ್ಕದ್ದು. ತೆರೆಯ ಮೇಲಣ ದೃಶ್ಯವಾದರೋ ಕಣ್ಣಿಗೆ ಗೋಚರವಾದುದರಿಂದ ಪ್ರತ್ಯಕ್ಷವೇ ಹೊರತು ಸ್ಮೃತಿಯಲ್ಲ. ಬಹಳವೆಂದರೆ ಅದು ಮಲಗಿರುವ ಸಂಸ್ಕಾರವನ್ನೆಬ್ಬಿಸುವ ಉದ್ಬೋಧಕ, ದುಷ್ಯಂತನಿಗೆ ಉಂಗುರವಿದ್ದಂತೆ. ಮಾರ್ಕರನ ಶಂಕೆಯು ಇದಕ್ಕಿಂತ ಕಠಿನವಾದುದು: ಚಿತ್ರವು ಸ್ಮೃತಿಯನ್ನು ಎಬ್ಬಿಸುವುದಕ್ಕೆ ಬದಲಾಗಿ ಅದರ ಪೀಠದಲ್ಲಿ ತಾನೇ ಕುಳಿತುಬಿಡುವುದಿಲ್ಲವೆ? ಟೋಕಿಯೋ ನಗರದ ಒಂದು ಜನವರಿ ತಿಂಗಳನ್ನು ನೆನೆಯಹೋದ ಸಂಚಾರಿಗೆ ತಾನು ಅಲ್ಲಿ ತೆಗೆದ ಚಿತ್ರಗಳೇ ನೆನಪಾಗುವುವು.

ಇನ್ನು ಗಿನಿ-ಬಿಸ್ಸೌ ಭಾಗ. ಪೋರ್ತುಗೀಸರೊಡನೆ ಹೋರಾಡಿದ ಪಕ್ಷದ ನಾಯಕನಾದ ಅಮಿಲ್ಕಾರ್ ಕಬ್ರಾಲನು ೧೯೭೩ರಲ್ಲಿ ಹತನಾದನು. ಅವನ ಸಹೋದರ ಲೂಯಿಸನು ಅಧ್ಯಕ್ಷನಾದನು. ೧೯೮೦ರ ಸಮಾರಂಭವೊಂದರಲ್ಲಿ ಲೂಯಿಸನು ಸೇನಾನಿಯಾದ ನೀನೋ ವಿಯೇರನಿಗೆ ಪದಕವನ್ನು ತೊಡಿಸುತ್ತಾನೆ, ನೀನೋ ಕಣ್ಣೀರಿಡುತ್ತಾನೆ. ನೋಡುವವರಿಗೆ ಅದು ಸ್ನೇಹಾಶ್ರು. ಅದೇ ವರ್ಷದ ನವೆಂಬರಿನಲ್ಲಿ ನೀನೋ ಲೂಯಿಸನನ್ನು ಪದಚ್ಯುತಗೊಳಿಸಿದನು. ಇದನ್ನು ತಿಳಿದ ಬಳಿಕ ಓಲೆಯು ಆ ಕಣ್ಣೀರಿಗೆ ಬೇರೆ ಅರ್ಥವನ್ನು ಹೇಳುವುದು: ಇತರರಿಗಿಂತ ಸಾಕಷ್ಟು ಮೇಲೇರಿಸಲ್ಪಡದ ವೀರನ ಅಭಿಮಾನಭಂಗವದು. ದೃಶ್ಯವು ಎಳ್ಳಷ್ಟೂ ಬದಲಾಗಿಲ್ಲ. ಅಶ್ರುವೆಂಬ ಸಾತ್ತ್ವಿಕಭಾವವು ಹರ್ಷಕ್ಕೂ ಶೋಕಕ್ಕೂ ಸಾಧಾರಣವೆಂದು ಆಲಂಕಾರಿಕರು ಹೇಳಿರುವರಷ್ಟೆ. ನಿರ್ಣಯಕ್ಕೆ ಪ್ರಕರಣವು ಬೇಕು. ಇಲ್ಲಿ ಪ್ರಕರಣವನ್ನೊದಗಿಸಿದುದು ಮುಂದೆ ನಡೆದ ಘಟನೆ. ಹಾಗೆಂದು ಓಲೆಯ ವ್ಯಾಖ್ಯಾನವನ್ನು ಸಿದ್ಧಾಂತವೆಂದು ಹಿಡಿಯಲಾಗದು. ನೀನೋವಿನ ಹೃದಯವನ್ನು ಅದೂ ಕಂಡಿಲ್ಲ. ಛಾಯಾಚಿತ್ರಗಳನ್ನೇ ಪ್ರಮಾಣವಾಗಿಟ್ಟುಕೊಂಡು ಇತಿಹಾಸವನ್ನು ನಿರ್ಣಯಿಸಹೊರಟಿರುವ ನಮ್ಮ ಕೆಲವು ಮಿತ್ರರು ಈ ಭಾಗವನ್ನು ಎರಡು ಬಾರಿ ನೋಡುವುದೊಳ್ಳೆಯದು.

ಸಾನ್ ಫ್ರಾನ್ಸಿಸ್ಕೋ ಭಾಗವು ಹಿಚ್‌ಕಾಕನ 'ವರ್ಟಿಗೋ' (೧೯೫೮) ಚಿತ್ರದ ಸ್ಥಳಗಳನ್ನು ಹುಡುಕಿಕೊಂಡು ಹೋದ ಯಾತ್ರೆ. ಆ ಚಿತ್ರವನ್ನರಿಯದವರಿಗೆ ಅದು ರುಚಿಸದು.

ಆರಂಭದಲ್ಲಿ ಬರುವುದು ಐಸ್‌ಲೆಂಡಿನಲ್ಲಿ ೧೯೬೫ರಲ್ಲಿ ಕಂಡ ಮೂವರು ಮಕ್ಕಳ ದೃಶ್ಯ. ಅದನ್ನು ಸುಖದ ಮೂರ್ತಿಯೆಂದೇ ಭಾವಿಸಿದ ಸಂಚಾರಿಯು, ಬೇರೆ ಯಾವ ದೃಶ್ಯದೊಡನೆಯೂ ಅದನ್ನು ಜೋಡಿಸಲಾರದೆ, ಪಕ್ಕದಲ್ಲಿ ಬರಿಯ ಕತ್ತಲೆಯನ್ನಿಡುವನು. ಕೊನೆಗೆ ಆ ಮಕ್ಕಳು ಮತ್ತೆ ಬರುವರು. ಅವರ ಬೆನ್ನಲ್ಲೇ ಹಾರೂನ್ ತಾಜಿಯೆಫನು ಚಿತ್ರಿಸಿದ, ೧೯೭೩ರ ಜ್ವಾಲಾಮುಖಿಯ ಬೂದಿಯಲ್ಲಿ ಹೂತ ಅದೇ ಊರಿನ ಮನೆಗಳು.