ಸೇಂಟ್ ವಿನ್ಸೆಂಟಿನ ಹತ್ತಿ, ಧಾರವಾಡದ ಬೀಜ

ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ ನೆಲೆಸಿರುವ ನಾವು ಕನ್ನಡಿಗರು ಸಂಜೆ ಮಹಾರಾಜಬಾಗಿನತ್ತ ಅಡ್ಡಾಡುವಾಗ 1906ರಲ್ಲಿ ಸ್ಥಾಪನೆಯಾದ ಕೃಷಿ ಕಾಲೇಜನ್ನು ಕಾಣುತ್ತೇವೆ. ಈ ವಿದರ್ಭದ ಕಪ್ಪುನೆಲಕ್ಕೂ ನಮ್ಮ ಧಾರವಾಡ ಸೀಮೆಯ ಎರೆಭೂಮಿಗೂ ಹತ್ತಿಯೇ ನಂಟು. ಆ ನಂಟಿನಲ್ಲಿ ಕೆರಿಬಿಯನ್ ದ್ವೀಪಗಳಿಗೂ ಪಾಲಿದೆಯೆಂಬುದನ್ನು ನಾವು ನೆನೆಯುವುದು ಕಡಿಮೆ.

ಲ್ಯಾಂಕಾಷೈರಿನ ಗಿರಣಿಗಳಿಗೆ ಸಾಮ್ರಾಜ್ಯದೊಳಗಿನಿಂದಲೇ ಹತ್ತಿ ಒದಗಿಸುವ ಉದ್ದೇಶದಿಂದ 1921ರಲ್ಲಿ ಎಂಪೈರ್ ಕಾಟನ್ ಗ್ರೋಯಿಂಗ್ ಕಾರ್ಪೊರೇಷನ್ ಹುಟ್ಟಿತು. ಟ್ರಿನಿಡಾಡಿನಲ್ಲಿ ಅದರ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ದುಡಿದ ಜೋಸೆಫ್ ಹಚಿನ್‌ಸನ್ 1933ರಿಂದ 1937ರವರೆಗೆ ಇಂದೋರಿನಲ್ಲಿ ಭಾರತೀಯ ಹತ್ತಿಗಳನ್ನು ಅಭ್ಯಸಿಸಿ, ಮತ್ತೆ ಟ್ರಿನಿಡಾಡಿಗೆ ಮರಳಿದರು. ಹತ್ತಿಯ ವಿಕಾಸವನ್ನು ಕುರಿತು ಅವರು ಸಹೋದ್ಯೋಗಿಗಳೊಡನೆ ರಚಿಸಿದ ಗ್ರಂಥ 1947ರಲ್ಲಿ ಪ್ರಕಟವಾಯಿತು. ಜ್ಞಾನ ಎರಡು ದಿಕ್ಕಿಗೂ ಹರಿಯಿತು, ನಿಜ. ಆದರೆ ಯಾವ ಬೆಳೆ ಯಾರಿಗಾಗಿ ಎಂಬುದನ್ನು ನಿರ್ಧರಿಸುವ ಅಧಿಕಾರ ಟ್ರಿನಿಡಾಡಿನ ರೈತನಿಗೂ ಇರಲಿಲ್ಲ, ಮಾಳವದ ರೈತನಿಗೂ ಇರಲಿಲ್ಲ.

ಸ್ವಾತಂತ್ರ್ಯಾನಂತರ ಆ ಆಯ್ಕೆ ನಮ್ಮದಾಯಿತು. ಉದ್ದನೆಯ ಎಳೆಯ ಹತ್ತಿಗಾಗಿ ವಿದೇಶಗಳನ್ನು ಅವಲಂಬಿಸಿದ್ದ ದೇಶ ತನ್ನ ನೆಲದಲ್ಲೇ ಅದನ್ನು ಬೆಳೆಯಲು ಹೊರಟಿತು. ಕೊಯಮತ್ತೂರಿನಲ್ಲಿ ‘ಸುಜಾತಾ’ ತಳಿಯನ್ನು ಸೇಂಟ್ ವಿನ್ಸೆಂಟ್ ದ್ವೀಪದ ಹತ್ತಿಯೊಡನೆ ಸಂಕರಿಸಿದಾಗ 1974ರಲ್ಲಿ ‘ಸುವಿನ್’ ದೊರೆಯಿತು; ಇಬ್ಬರು ಹೆತ್ತವರ ಹೆಸರೂ ಅದರಲ್ಲಿ ಕೂಡಿಕೊಂಡಿವೆ. ಅದಕ್ಕೂ ಮೊದಲು, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು ‘ಲಕ್ಷ್ಮಿ’ಯನ್ನು ಬಾರ್ಬಡೆನ್ಸ್ ಪ್ರಭೇದದ ಹತ್ತಿಯೊಡನೆ ಸಂಕರಿಸಿ ‘ವರಲಕ್ಷ್ಮಿ’ಯನ್ನು ನೀಡಿದರು. ಪ್ರಭೇದದ ಮೂಲ ದಕ್ಷಿಣ ಅಮೆರಿಕ. ಹೆಸರು ಮಾತ್ರ ಬಾರ್ಬಡೋಸಿನದು.

ಆದರೆ ಗಳಿಕೆಗೆ ಬೆಲೆಯೂ ಇತ್ತು. ಸಂಕರ ತಳಿಯ ಬೀಜವನ್ನು ಮರುವರ್ಷಕ್ಕೆ ಎತ್ತಿಡಲಾಗದು, ವರ್ಷವರ್ಷವೂ ಕೊಳ್ಳಬೇಕು. ಈ ಹತ್ತಿಗಳಿಗೆ ದೀರ್ಘ ಅವಧಿ ಬೇಕು, ಕೀಟಗಳ ಕಾಟವೂ ಹೆಚ್ಚು. ಮನೆಯ ಬೀಜವನ್ನೇ ಬಿತ್ತುತ್ತಿದ್ದ ರೈತ ಅಂಗಡಿಯ ಸಾಲಕ್ಕೆ ಸಿಲುಕಿದ ಕಥೆಯನ್ನು ವಿದರ್ಭದಲ್ಲಿ ಬಾಳುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸಣ್ಣ ದ್ವೀಪವೊಂದರ ಬೀಜ ನಮ್ಮ ದೇಶದ ಗಿರಣಿಗಳಿಗೆ ನೂಲು ಕೊಟ್ಟಿತು. ಆ ಋಣವನ್ನು ನೆನೆಯುವಾಗ, ಬಂದ ಬೀಜದೊಡನೆ ಅದನ್ನು ಕಾಪಿಡುವ ಹಕ್ಕೂ ರೈತನಿಗೆ ಬಂದಿತೇ ಎಂದು ಕೇಳುವುದು ನಮ್ಮ ಹೊಣೆಯಾಗಿದೆ. ದೇಶದೇಶಗಳ ಸಹಕಾರವನ್ನು ಹೊಲದ ಬದುವಿನಲ್ಲಿ ನಿಂತೇ ಅಳೆಯಬೇಕು.