ಬರೋಡಾದ ನೌಕರಿ, ಮುಂಬಯಿಯ ವಕೀಲಿ

ನಮ್ಮ ಊರಿನಲ್ಲಿ ಸರಕಾರಿ ನೌಕರಿ ಸಿಕ್ಕಿತೆಂದರೆ ಪೇಡೆ ಹಂಚುತ್ತೇವೆ. ಸಿಕ್ಕ ನೌಕರಿ ಬಿಟ್ಟು ಬಂದವನನ್ನು ತಲೆ ಕೆಟ್ಟವನೆನ್ನುತ್ತೇವೆ. ಶಾಲೆಯಲ್ಲಿ ಪ್ರತಿ ಏಪ್ರಿಲ್ 14ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರ ಭಾವಚಿತ್ರಕ್ಕೆ ಹಾರ ಹಾಕಿ ಸಂವಿಧಾನದ ಮಾತಾಡುತ್ತೇವೆ. ಅವರೂ ನೌಕರಿ ಬಿಟ್ಟು ವಕೀಲರಾದವರು ಎಂಬುದು ಭಾಷಣಗಳಲ್ಲಿ ಬರುವುದು ಕಡಿಮೆ. ಸಮಾಜ ವಿಜ್ಞಾನ ಹೇಳುವ ಮೇಷ್ಟ್ರಾಗಿ ಆ ಭಾಗವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ ಅಮೆರಿಕದಲ್ಲಿ ಓದಿದರು. ಓದು ಮುಗಿದ ಮೇಲೆ ಹತ್ತು ವರ್ಷ ಆ ಸಂಸ್ಥಾನದಲ್ಲಿ ದುಡಿಯಬೇಕೆಂಬ ಕರಾರಿತ್ತು. 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ, ಅವರು ಬರೋಡಾಕ್ಕೆ ಬಂದರು. ಹುದ್ದೆಯೇನೋ ದೊಡ್ಡದು. ಆದರೆ ಕಚೇರಿಯ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಇರಲು ಮನೆ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹದಲ್ಲಿ, ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದರು. ಇಬ್ಬರು ಗೆಳೆಯರನ್ನು ಕೇಳಿದರು. ಹಿಂದೂ ಗೆಳೆಯ, ನೀನು ಬಂದರೆ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನು ಕೇಳಿ ಹೇಳುತ್ತೇನೆಂದ. ಅಂದು ರೈಲಿನ ಹೊತ್ತಾಗುವ ತನಕ ಐದು ಗಂಟೆ ಕಾಲ ಕಾಮಾಠಿ ಬಾಗ್ ಎಂಬ ಉದ್ಯಾನದಲ್ಲಿ ಕುಳಿತಿದ್ದು ಅವರು ಮುಂಬಯಿಗೆ ಮರಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರ ಸ್ಥಿತಿ ಇದು.

ಎರಡನೆಯದು ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜು. 1918ರಿಂದ ಅರ್ಥಶಾಸ್ತ್ರದ ಪ್ರಾಧ್ಯಾಪಕ, ಸಂಬಳ 450 ರೂಪಾಯಿ. ಅಲ್ಲಿ ಅಧ್ಯಾಪಕರ ಕೋಣೆಯ ಕೊಡದಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳ ಆಕ್ಷೇಪ. ಆದರೂ 1920ರಲ್ಲಿ ಆ ಕೆಲಸ ಬಿಟ್ಟದ್ದು ಅದಕ್ಕಾಗಿ ಅಲ್ಲ. ಕೂಡಿಟ್ಟ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಇಷ್ಟನ್ನು ನಂಬಿ ಲಂಡನ್ನಿನ ಓದು ಮುಗಿಸಲು. ಹೊರಗೆ ಹಾಕಿದವರೂ ಪಾರ್ಸಿಗಳು, ಕೈಹಿಡಿದವನೂ ಪಾರ್ಸಿ. ಪಾಠ ಹೇಳುವಾಗ ನಾನು ಇದನ್ನು ಮರೆಯದೆ ಹೇಳುತ್ತೇನೆ.

1922ರಲ್ಲಿ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದರು. 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭವಾಯಿತು. ವಕೀಲಿ ಹಿಡಿದರೆ ಹಣ ತಾನಾಗಿ ಬರುತ್ತದೆಂದು ಹೊರಗಿನವರ ಎಣಿಕೆ. ಆಗ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರನ ಬಳಿ ಬರುತ್ತಿರಲಿಲ್ಲ. ಸಾಲಿಸಿಟರ್ ಮೂಲಕ ಕೇಸು ಬರಬೇಕು. ಅಸ್ಪೃಶ್ಯ ಬ್ಯಾರಿಸ್ಟರನಿಗೆ ಕೇಸು ಕೊಡುವ ಸಾಲಿಸಿಟರ್ ಎಲ್ಲಿದ್ದ? ಜಿಲ್ಲಾ ನ್ಯಾಯಾಲಯಗಳ ಸಣ್ಣ ಕೇಸು ಹಿಡಿದರು. ಸಾಲದ್ದಕ್ಕೆ ಬಾಟ್ಲಿಬಾಯ್ ಅವರ ಲೆಕ್ಕಶಾಸ್ತ್ರ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಹೇಳಿಕೊಟ್ಟರು. 1926ರಲ್ಲಿ ಬ್ರಾಹ್ಮಣೇತರ ಚಳವಳಿಯ ಜೇಧೆ, ಜವಳಕರ ಮೊದಲಾದವರ ಮೇಲಿನ ಮಾನನಷ್ಟ ಮೊಕದ್ದಮೆಯನ್ನು ಗೆದ್ದುಕೊಟ್ಟ ಮೇಲೆ ವಕೀಲರೆಂಬ ಹೆಸರು ಬಂತು.

ಸಂಬಳವಿಲ್ಲದ ಈ ಬದುಕಿನಿಂದ ಅವರಿಗೆ ದೊರೆತದ್ದು ತಮ್ಮ ಹೊತ್ತು, ತಮ್ಮ ಮಾತು. ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಸಭೆ ಸೇರಿಸಬಹುದಿತ್ತು. ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದ ನಮ್ಮ ನಿಪ್ಪಾಣಿಗೆ 1925ರಲ್ಲಿ ಸಮ್ಮೇಳನಕ್ಕೆ ಬಂದರು; ಧಾರವಾಡದಲ್ಲಿ ದಲಿತ ಮಕ್ಕಳ ವಿದ್ಯಾರ್ಥಿನಿಲಯಕ್ಕೆ ದುಡಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಜನರೊಂದಿಗೆ ನಡೆದು ನೀರು ಕುಡಿದರು. ಪುರಸಭೆ ಮೊದಲೇ ಎಲ್ಲರಿಗೂ ತೆರೆದಿದ್ದ ಕೆರೆ ಅದು. ಕೆಲವು ಸವರ್ಣೀಯರು ಅದು ಖಾಸಗಿ ಕೆರೆಯೆಂದು ದಾವೆ ಹೂಡಿದರು. ಬೇರೆಯವರ ಪರ ವಾದಿಸುತ್ತಿದ್ದ ವಕೀಲರು ಇಲ್ಲಿ ತಾವೇ ಪ್ರತಿವಾದಿ. ದಾವೆ ಕೆಳಗಿನ ನ್ಯಾಯಾಲಯಗಳನ್ನು ದಾಟಿ ಹೈಕೋರ್ಟಿಗೆ ಹೋಯಿತು. ಅಸ್ಪೃಶ್ಯರನ್ನು ದೂರವಿಡುವ ಅನಾದಿ ಸಂಪ್ರದಾಯವಿತ್ತೆಂಬ ವಾದ ಅಲ್ಲಿ ಸಾಬೀತಾಗಲಿಲ್ಲ. ತೀರ್ಪು ಬಂದದ್ದು 1937ರ ಮಾರ್ಚ್ 17ರಂದು. ಕೆರೆಯ ನೀರು ಕುಡಿದು ಆಗ ಹತ್ತು ವರ್ಷ ತುಂಬಲು ಮೂರು ದಿನ ಬಾಕಿ.