ಗಾಲಿಯ ಮೇಲೊಂದು ಒಂಟಿ ಮನೆ

ಕೇಂದ್ರ ಸರ್ಕಾರದ ವಸತಿಗೃಹಗಳಲ್ಲಿ ಬಾಳುವೆ ನಡೆಸುವ ನಮ್ಮಂಥವರಿಗೆ ಮನೆಯೆಂಬುದು ನಿವೃತ್ತಿಯ ದಿನಾಂಕದೊಡನೆ ಗಂಟುಬಿದ್ದ ವಸ್ತು. ಆ ದಿನ ಕಳೆದು ಕೆಲವು ತಿಂಗಳಾದರೆ ಕೀಲಿಕೈ ಒಪ್ಪಿಸಿ ಹೊರಡಬೇಕು. ಎಲ್ಲಿಗೆ? ಊರಿನ ಮನೆ ಪಾಲಾಗಿ ಹೋಗಿರುತ್ತದೆ; ನಗರದ ಫ್ಲಾಟಿನ ಬೆಲೆ ನಮ್ಮ ಭವಿಷ್ಯನಿಧಿಯನ್ನು ನೋಡಿ ನಗುತ್ತದೆ; ಮಕ್ಕಳ ಮನೆಯಲ್ಲಿ ಎರಡೇ ಕೋಣೆ. ಸಂಗಾತಿಯೂ ಇಲ್ಲದವರ ಪಾಡನ್ನು ಕೇಳುವುದೇ ಬೇಡ. ಈ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕ ದೇಶದ ಕೆಲವು ವೃದ್ಧರು ಇದಕ್ಕೆ ತಮ್ಮದೇ ಆದ ಉತ್ತರವೊಂದನ್ನು ಕಂಡುಕೊಂಡರು. ಯಾರೋ ಬಳಸಿ ಬಿಟ್ಟ ಮೋಟಾರ್ ಹೋಮ್ ಒಂದನ್ನು ಕೊಂಡು, ಮನೆಮಾರು ಖಾಲಿ ಮಾಡಿ, ವರ್ಷದ ಹನ್ನೆರಡು ತಿಂಗಳೂ ಅದರಲ್ಲೇ ಒಬ್ಬರೇ ವಾಸಿಸುವುದು. ಇದು ಹೇಗೆ ಸಾಧ್ಯವಾಯಿತು ಎಂಬುದರ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ.

ಈ ಚರಿತ್ರೆಗೆ ಎರಡು ಬಂಡಿಗಳು ನಾಂದಿ ಹಾಡಿದುವೆನ್ನಬಹುದು. ಮೊದಲನೆಯದು ಕುರಿಗಾಹಿಯ ಬಂಡಿ. 1884ರಲ್ಲಿ ವಯೋಮಿಂಗ್ ಪ್ರಾಂತದ ರಾಲಿನ್ಸ್ ಎಂಬ ಊರಿನಲ್ಲಿ ಜೇಮ್ಸ್ ಕ್ಯಾಂಡ್ಲಿಷ್ ಎಂಬ ಕಮ್ಮಾರ ಇದನ್ನು ಮೊದಲು ಕಟ್ಟಿದನೆಂದು ಪ್ರತೀತಿ. ಮೇಲೆ ಕ್ಯಾನ್ವಾಸಿನ ಕಮಾನು, ಬಾಗಿಲ ಬಳಿ ಕಬ್ಬಿಣದ ಒಲೆ, ಹಿಂಭಾಗದಲ್ಲಿ ಅಡ್ಡಲಾಗಿ ಹಾಸಿಗೆ, ಹಾಸಿಗೆಯ ಅಡಿಯಿಂದ ಎಳೆದುಕೊಳ್ಳುವ ಮೇಜು. ಒಬ್ಬನೇ ಮನುಷ್ಯ ಚಳಿಗಾಲದುದ್ದಕ್ಕೂ ಬೆಟ್ಟಗಾಡಿನಲ್ಲಿ ಕಳೆಯಲು ಬೇಕಾದಷ್ಟು, ಅದಕ್ಕಿಂತ ಒಂದಂಗುಲ ಹೆಚ್ಚಿಲ್ಲ. ನಮ್ಮ ಉತ್ತರ ಕರ್ನಾಟಕದ ಕುರುಬರು ಕುದುರೆಯ ಮೇಲೆ ಬಿಡಾರ ಹೇರಿಕೊಂಡು ಕುರಿಮಂದೆಯ ಹಿಂದೆ ಹೋಗುವುದನ್ನು ಕಂಡವರಿಗೆ ಆ ಬಂಡಿಯ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಇಂಗ್ಲೆಂಡಿನದು. ನೌಕಾದಳದಲ್ಲಿ ವೈದ್ಯರಾಗಿದ್ದು, ಅನಂತರ ಹುಡುಗರ ಸಾಹಸ ಕಥೆಗಳನ್ನು ಬರೆದು ಹೆಸರಾದ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಭಾರಿ ಬಂಡಿಯನ್ನು ಮಾಡಿಸಿಕೊಂಡರು. ತೂಕ ಸುಮಾರು ಎರಡು ಟನ್ನು, ಎಳೆಯಲು ಎರಡು ಕುದುರೆ. ಅದರಲ್ಲಿ ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೂ ಹೋದರು. ಜೊತೆಗೆ ಸಾರಥಿ, ನಾಯಿ, ಒಂದು ಕಾಕಟೂ ಪಕ್ಷಿ. ಇನ್ನೊಬ್ಬ ಸೇವಕ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗಿ ದಾರಿಹೋಕರನ್ನು ಎಚ್ಚರಿಸುತ್ತಿದ್ದ. ವಿಹಾರಕ್ಕೆಂದೇ ಕಟ್ಟಿದ ಮೊದಲ ಕ್ಯಾರವಾನ್ ಎಂಬ ಕೀರ್ತಿ ಇದಕ್ಕಿದೆ. ಹೊಟ್ಟೆಪಾಡಿಗೆ ಒಂದು ಬಂಡಿ, ಷೋಕಿಗೆ ಒಂದು ಬಂಡಿ. ಮುಂದಿನ ನೂರನಾಲ್ವತ್ತು ವರ್ಷ ಈ ಎರಡು ಎಳೆಗಳೂ ಹೆಣೆದುಕೊಂಡೇ ಬಂದಿವೆ.

ಸ್ಟೇಬಲ್ಸ್ ಮಹಾಶಯರಿಗೆ ಮಾದರಿಯಾದುದು ಜಿಪ್ಸಿಗಳ ಬಂಡಿ. ಆ ಜಿಪ್ಸಿಗಳ ಮೂಲ ಭಾರತವೆಂಬುದನ್ನು ಅವರ ರೋಮಾನಿ ಭಾಷೆಯೇ ಸಾರುತ್ತದೆ. ನೀರಿಗೆ ಅವರೂ 'ಪಾನಿ' ಎನ್ನುತ್ತಾರೆ. ಇಲ್ಲಿಂದ ನಡೆದುಹೋದವರ ಬಾಳನ್ನು ನೋಡಿ ಇಂಗ್ಲೆಂಡಿನ ಸಾಹುಕಾರರು ರಜೆಯ ಮೋಜನ್ನು ಕಲಿತರು. ಆದರೆ ಆ ಜನರನ್ನು ಮಾತ್ರ ಊರ ಹೊರಗಿಂದಲೂ ಓಡಿಸುತ್ತಲೇ ಇದ್ದರು. ಇರಲಿ.

ಮೋಟಾರು ಬಂದಮೇಲೆ ಕಥೆ ಅಮೆರಿಕಕ್ಕೆ ಸಾಗುತ್ತದೆ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಉದ್ಯಾನವೊಂದರಲ್ಲಿ ಬಿಡಾರ ಹೂಡಿದ್ದ ಪ್ರವಾಸಿಗಳು 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಕಟ್ಟಿದರು. ಡಬ್ಬಿಯ ಆಹಾರ ತಿಂದು ಕಾರಿನಲ್ಲೇ ಮಲಗುವವರೆಂದು ಇತರರು ಇವರನ್ನು ಹಾಸ್ಯ ಮಾಡಿದರೆ, ಇವರು ಅದೇ ಡಬ್ಬಿಯನ್ನು ಕಾರಿನ ರೇಡಿಯೇಟರ್ ಮುಚ್ಚಳದ ಮೇಲೆ ಬೆಸೆದು ಬಿರುದಿನಂತೆ ಮೆರೆಸಿದರು.

ಮೆರೆಯಲು ಕಾಸು ಬೇಕಲ್ಲ? ದುಡಿಮೆ ನಿಂತಮೇಲೂ ತಿಂಗಳಿಗೊಮ್ಮೆ ಹಣ ಬರುವ ಏರ್ಪಾಡು ಇಲ್ಲದಿದ್ದರೆ ಮುದುಕರು ಊರೂರು ತಿರುಗುವುದಕ್ಕೆ ಭಿಕ್ಷಾಟನೆಯೆಂದೇ ಹೆಸರಾಗುತ್ತಿತ್ತು. ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ, 1935ರಲ್ಲಿ, ಸಾಮಾಜಿಕ ಭದ್ರತೆಯ ಶಾಸನವಾಯಿತು. ಅದರ ಮೊದಲ ಮಾಸಿಕ ಚೆಕ್ಕು 1940ರ ಜನವರಿಯಲ್ಲಿ ಐಡಾ ಮೇ ಫುಲ್ಲರ್ ಎಂಬ ಮಹಿಳೆಗೆ ಸಂದಿತು. ಮೊತ್ತ 22 ಡಾಲರ್ 54 ಸೆಂಟ್. ಆಕೆ ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದವಳು, ಅವಿವಾಹಿತೆ. ನಿಧಿಗೆ ಆಕೆ ಕಟ್ಟಿದ್ದು 25 ಡಾಲರಿಗೂ ಕಡಿಮೆ. 1975ರಲ್ಲಿ ನೂರು ವರ್ಷ ತುಂಬಿ ತೀರಿಕೊಳ್ಳುವ ವೇಳೆಗೆ ಪಡೆದದ್ದು 22,000 ಡಾಲರಿಗೂ ಮಿಗಿಲು. ಗುಮಾಸ್ತಿಕೆಯವರಾದ ನಮಗೆ ಈ ಲೆಕ್ಕ ಓದಿದಾಗಲೆಲ್ಲ ಒಂದು ಬಗೆಯ ಆನಂದವಾಗುತ್ತದೆ.

ಆ ದಶಕದಲ್ಲಿ ಟ್ರೇಲರುಗಳ ಹುಚ್ಚು ಎಷ್ಟಿತ್ತೆಂದರೆ, ರೋಜರ್ ಬ್ಯಾಬ್ಸನ್ ಎಂಬ ಅರ್ಥಜ್ಞರು ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಅರ್ಧ ಜನ ಗಾಲಿಯ ಮೇಲೆ ವಾಸಿಸುತ್ತಾರೆಂದು ಭವಿಷ್ಯ ನುಡಿದರು. ಅದು ಫಲಿಸಲಿಲ್ಲ. ಅದರ ಬದಲು 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಶಾಸನ ಬಂದು, 41,000 ಮೈಲಿಗಳ ರಸ್ತೆಜಾಲಕ್ಕೆ ತಳಹದಿ ಬಿತ್ತು. ಎರಡೇ ವರ್ಷದಲ್ಲಿ ಮಿಷಿಗನ್ ರಾಜ್ಯದ ರೇಮಂಡ್ ಫ್ರಾಂಕ್ ಎಂಬವರು ತಮ್ಮ ಕುಟುಂಬದ ರಜೆಗಾಗಿ ಎಂಜಿನ್ನೂ ಮನೆಯೂ ಒಂದೇ ಆದ ವಾಹನ ಕಟ್ಟಿದರು. ಕಂಡವರೆಲ್ಲ ತಮಗೂ ಬೇಕೆಂದರು, ಅದು ಉದ್ಯಮವಾಯಿತು. 'ಮೋಟಾರ್ ಹೋಮ್' ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ ಎನ್ನುತ್ತಾರೆ. 1966ರಿಂದ ಅಯೋವಾ ರಾಜ್ಯದ ವಿನ್ನೆಬಾಗೊ ಕಂಪನಿ ಇವನ್ನು ಕಾರುಗಳಂತೆ ಸಾಲುಜೋಡಣೆಯಲ್ಲಿ ತಯಾರಿಸತೊಡಗಿದ ಮೇಲೆ ಬೆಲೆ ಮಧ್ಯಮವರ್ಗದ ಕೈಗೆ ಬಂತು.

ಒಂಟಿ ಪಯಣಕ್ಕೆ ಸಾಹಿತ್ಯದ ಮರ್ಯಾದೆ ತಂದುಕೊಟ್ಟವರು ಜಾನ್ ಸ್ಟೈನ್‌ಬೆಕ್. 1960ರಲ್ಲಿ ಅವರು ಚಾರ್ಲಿ ಎಂಬ ನಾಯಿಯನ್ನು ಕೂರಿಸಿಕೊಂಡು, ಸಣ್ಣ ಟ್ರಕ್ಕಿನ ಮೇಲೆ ಕಟ್ಟಿಸಿದ ಪುಟ್ಟ ಮನೆಯಲ್ಲಿ ದೇಶ ಸುತ್ತಿದರು. ವಾಹನಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು. ಆಗ ಅವರಿಗೆ 58. 1962ರಿಂದ 1998ರವರೆಗೆ ನಮ್ಮ ಇಲಾಖೆಗಳಲ್ಲಿ ಮನೆಗೆ ಕಳುಹಿಸುತ್ತಿದ್ದ ವಯಸ್ಸು. ಹಲವು ರಾತ್ರಿಗಳನ್ನು ಅವರು ಹೋಟೆಲುಗಳಲ್ಲೇ ಕಳೆದರೆಂದು ಮುಂದೆ ಶೋಧಕರು ತೋರಿಸಿದ್ದಾರೆ. ಆ ವಯಸ್ಸಿನ ಬೆನ್ನುನೋವು ಬಲ್ಲವರು ಅದನ್ನು ದೊಡ್ಡದು ಮಾಡಬೇಕಾಗಿಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ಸರಬರಾಜು ತಡೆದಾಗ ಈ ಉದ್ಯಮಕ್ಕೆ ಬರಸಿಡಿಲು ಹೊಡೆಯಿತು. ಅದೇ ವರ್ಷ ಜನರಲ್ ಮೋಟಾರ್ಸ್ ಸಂಸ್ಥೆ ಬಹು ಚೆಲುವಾದ ಮೋಟಾರ್ ಹೋಮೊಂದನ್ನು ಹೊರತಂದಿತ್ತು. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೇ ಹೋಗುತ್ತಿದ್ದುದರಿಂದ ನೆಲದಡಿ ಉದ್ದದ ಷಾಫ್ಟ್ ಇಲ್ಲ; ನೆಲ ತಗ್ಗು, ಹತ್ತಿಳಿಯುವುದು ಸುಲಭ. 1978ರಲ್ಲಿ ತಯಾರಿಕೆ ನಿಂತಿತು. ಆದರೆ ವಾಹನಗಳು ಸಾಯಲಿಲ್ಲ. ಅವನ್ನು ಕೊಂಡು ಜೋಪಾನ ಮಾಡುವವರ ಸಂಘಗಳು ಇಂದಿಗೂ ಇವೆ. ಹೊಸದು ಕೊಳ್ಳಲಾಗದವರ ಇತಿಹಾಸ ಶುರುವಾಗುವುದು ಇಂಥ ಹಳೆಯ ವಾಹನಗಳಿಂದಲೇ.

ಹಳೆಯದನ್ನು ಆರಿಸುವ ವಿದ್ಯೆ ಹೀಗೆ ಒಂದು ತಲೆಮಾರಿನ ಅನುಭವದಿಂದ ಬೆಳೆಯಿತು. ಮೊದಲು ವರ್ಗ. ಅಮೆರಿಕದವರು ಇವನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಆದರೆ ನಮ್ಮ ಸರ್ಕಾರಿ ಶ್ರೇಣಿಗಳಂತೆ ಇಳಿಯುವ ಕ್ರಮವಲ್ಲ. ಎ ಎಂದರೆ ಬಸ್ಸಿನಂಥದು. ಬಿ ಎಂದರೆ ವ್ಯಾನಿನೊಳಗೇ ಮನೆ, ಎಲ್ಲಕ್ಕಿಂತ ಚಿಕ್ಕದು. ಸಿ ಎಂದರೆ ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆಯಂಥ ಮನೆ, ಚಾಲಕನ ತಲೆಯ ಮೇಲೊಂದು ಹಾಸಿಗೆ. ಒಂಟಿಗರು ಸಾಮಾನ್ಯವಾಗಿ ಬಿಗೋ ಚಿಕ್ಕ ಸಿಗೋ ಮನಸೋಲುತ್ತಾರೆ. ಹಿಂದಕ್ಕೆ ತೆಗೆಯುವಾಗ 'ಬರಲಿ, ಬರಲಿ' ಎನ್ನಲು ಇನ್ನೊಬ್ಬರಿಲ್ಲ. ಅಪರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಹೊರಗೆ ಇಳಿಯದೆಯೇ ಹಾಸಿಗೆಯಿಂದ ಎದ್ದು ಚಾಲಕನ ಪೀಠಕ್ಕೆ ಬಂದು ಗಾಡಿ ಹೊರಡಿಸುವಂತಿರಬೇಕು. ಎಳೆಯುವ ಟ್ರೇಲರಿಗಿಂತ ಇದರಲ್ಲಿರುವ ಮುಖ್ಯ ಅನುಕೂಲವೇ ಅದು. ಅನನುಕೂಲವೂ ಅಷ್ಟೇ ದೊಡ್ಡದು: ಎಂಜಿನ್ ಕೆಟ್ಟು ಗಾಡಿ ಗ್ಯಾರೇಜಿಗೆ ಹೋದರೆ ಮನೆಯೇ ಗ್ಯಾರೇಜಿಗೆ ಹೋದಂತೆ. ಆ ವಾರ ಎಲ್ಲಿ ಮಲಗುವುದು? ಆದ್ದರಿಂದ ಅನುಭವಿಗಳು ಇದ್ದ ಹಣವನ್ನೆಲ್ಲ ಗಾಡಿಗೇ ಸುರಿಯದೆ ಒಂದು ಪಾಲನ್ನು ರಿಪೇರಿಗೆಂದು ಎತ್ತಿಡುತ್ತಾರೆ.

ಎಷ್ಟು ಮೈಲಿ ಓಡಿದೆ ಎಂದು ನಾವು ಮೊದಲು ಕೇಳುತ್ತೇವೆ. ಅವರು ಮೊದಲು ನೋಡುವುದು ನೀರು. ಹಳೆಯ ಗಾಡಿಗಳ ಗೋಡೆಯೊಳಗೆ ಮರದ ಚೌಕಟ್ಟು. ಚಾವಣಿಯ ಒಂದು ಕೀಲು ಬಿಟ್ಟು ಮಳೆ ಇಳಿದರೆ ಹೊರಗೆ ಹೊಳಪು ಹಾಗೇ ಇದ್ದು ಒಳಗೆ ಮರ ಕೊಳೆಯುತ್ತದೆ. ಕಿಟಕಿಯ ಕೆಳಗೂ ಮೂಲೆಗಳಲ್ಲೂ ಹೆಬ್ಬೆರಳಿನಿಂದ ಒತ್ತಬೇಕು, ಮೆತ್ತಗಾದರೆ ಕೈಮುಗಿದು ಬರಬೇಕು. ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ ಮಾರುವವನ ಸೌಂದರ್ಯದೃಷ್ಟಿಯನ್ನು ಹೊಗಳದಿರುವುದು ಕ್ಷೇಮ.

ಟೈರುಗಳದು ಇನ್ನೊಂದು ಮೋಸ. ವರ್ಷಗಟ್ಟಲೆ ಅಂಗಳದಲ್ಲಿ ನಿಂತ ಗಾಡಿಯ ಟೈರಿನ ಅಚ್ಚು ಸವೆದಿರುವುದಿಲ್ಲ; ಆದರೆ ರಬ್ಬರಿಗೆ ಮುಪ್ಪು ಬಂದಿರುತ್ತದೆ, ಹೆದ್ದಾರಿಯಲ್ಲಿ ಸಿಡಿಯುತ್ತದೆ. 2000ದಿಂದೀಚೆಗೆ ಅಮೆರಿಕದ ಟೈರುಗಳ ಪಕ್ಕದಲ್ಲಿ ನಾಲ್ಕಂಕಿಯ ಜನ್ಮದಿನಾಂಕ ಒತ್ತಿರುತ್ತಾರೆ: 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರ. ಇನ್ನು ತೂಕ. ಒಂದು ಲೀಟರ್ ನೀರು ಒಂದು ಕಿಲೊ ಎಂಬುದು ಶಾಲೆಯ ಪಾಠ. 150 ಲೀಟರ್ ತೊಟ್ಟಿ ತುಂಬಿಸಿದರೆ ಇಬ್ಬರು ದಪ್ಪನೆಯ ನೆಂಟರನ್ನು ಕೂರಿಸಿಕೊಂಡಂತೆ. ಒಂದು ಬಾಳಿನ ಸಾಮಾನನ್ನೆಲ್ಲ ಹೇರುವವರು ಗಾಡಿ ಹೊರಬಲ್ಲ ಭಾರದ ಫಲಕ ಓದದೆ ಹೊರಟರೆ ಬ್ರೇಕಿನ ಮೇಲೆ ಭಾರ ಹಾಕಿದಂತೆಯೇ.

ವಿಜ್ಞಾನದ ವಿದ್ಯಾರ್ಥಿಗಳಾಗಿದ್ದ ನಮಗೆ ಬಲು ಮೆಚ್ಚಿಗೆಯಾದದ್ದು ಇವುಗಳ ಫ್ರಿಜ್ಜು. ಬೆಂಕಿ ಹಚ್ಚಿದರೆ ಮಂಜುಗಡ್ಡೆ ಕೊಡುವ ಯಂತ್ರವಿದು! 1922ರಲ್ಲಿ ಸ್ಟಾಕ್‌ಹೋಮಿನ ವಿದ್ಯಾರ್ಥಿಗಳಾದ ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬಿಬ್ಬರು ಇದನ್ನು ರೂಪಿಸಿದರು. ಪುಟ್ಟ ಗ್ಯಾಸ್ ಜ್ವಾಲೆ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಜಲಜನಕದ ಸಂಗದಲ್ಲಿ ಮತ್ತೆ ಆವಿಯಾಗುವಾಗ ಶಾಖವನ್ನು ಹೀರಿಕೊಂಡು, ಕೊನೆಗೆ ನೀರಿನಲ್ಲಿ ಕರಗಿ ಮೊದಲ ಜಾಗಕ್ಕೆ ಮರಳುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ವಿದ್ಯುತ್ತಿಲ್ಲದ ಮರುಭೂಮಿಯಲ್ಲೂ ನಡೆಯುತ್ತದೆ. ಆದರೆ ದ್ರವ ತನ್ನ ಭಾರದಿಂದಲೇ ಇಳಿಯಬೇಕಾದ್ದರಿಂದ ಗಾಡಿ ಸಮತಟ್ಟಾಗಿ ನಿಂತಿರಬೇಕು. ಓರೆಯಾಗಿ ನಿಲ್ಲಿಸಿ ನಡೆಸಿದರೆ ಒಳಗಿನ ಕೊಳವೆ ಕೆಡುತ್ತದೆ. ಹಳೆಯ ಗಾಡಿಯ ಫ್ರಿಜ್ಜಿನ ಬೆನ್ನಲ್ಲಿ ಹಳದಿ ಪುಡಿ ಕಂಡರೆ ಅಥವಾ ಅಮೋನಿಯಾ ನಾತ ಮೂಗಿಗೆ ಬಡಿದರೆ ಅದರ ಆಯುಸ್ಸು ತೀರಿತೆಂದೇ ತಿಳಿಯಬೇಕು.

ಗಾಡಿ ಸಿಕ್ಕಿತು, ನಿಲ್ಲಿಸುವುದೆಲ್ಲಿ? ಅರಿಜೋನಾದ ಕ್ವಾರ್ಟ್‌ಸೈಟ್ ಊರಿನ ಸುತ್ತಲಿನ ಸರ್ಕಾರಿ ಮರುಭೂಮಿಗೆ ಚಳಿಗಾಲದಲ್ಲಿ ಇಂಥವರು ಸಾವಿರಗಟ್ಟಲೆ ಬಂದಿಳಿಯತೊಡಗಿದಾಗ, ಭೂನಿರ್ವಹಣಾ ಇಲಾಖೆ 1983ರಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು ಪರವಾನಗಿಯ ಪದ್ಧತಿ ತಂದಿತು. ಆ ಏಳು ತಿಂಗಳಿಗೆ ಶುಲ್ಕ ಬಹುಕಾಲ 180 ಡಾಲರ್ ಇತ್ತು. ಒಂಟಿಗರದೇ 'ಲೋನರ್ಸ್ ಆನ್ ವ್ಹೀಲ್ಸ್' ಎಂಬ ಸಂಘವೂ ಹುಟ್ಟಿತು. ಅದರ ಸದಸ್ಯರಿಬ್ಬರು ಮದುವೆಯಾದರೆ ಇಬ್ಬರೂ ಸಂಘ ಬಿಡಬೇಕು! ನಮ್ಮ ಕನ್ನಡ ಸಂಘಗಳಲ್ಲಿ ಇಂಥ ನಿಯಮವಿದ್ದಿದ್ದರೆ ಎಷ್ಟೋ ಸದಸ್ಯರನ್ನು ಕಳೆದುಕೊಳ್ಳುತ್ತಿದ್ದೆವು.

ಇದೆಲ್ಲ ಒಲಿದು ಬಂದವರ ಮಾತು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಎರಡನ್ನೂ ಕಳೆದುಕೊಂಡು ಹಳೆಯ ವ್ಯಾನು ಸೇರಿದವರು ಬೇರೆ ಸಾಲಿನವರು. ಪಿಂಚಣಿ ಸಾಲದೆ ಎಪ್ಪತ್ತರ ವಯಸ್ಸಿನಲ್ಲೂ ಋತುಮಾನದ ಕೂಲಿಗೆ ಅಲೆಯುವ ಅವರನ್ನು ಕುರಿತು ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಬರೆದರು; ಅದರ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಹೊರಗಿನಿಂದ ನೋಡಿದರೆ ಇಬ್ಬರ ಗಾಡಿಯೂ ಒಂದೇ. ಒಬ್ಬರಿಗೆ ಬೇಸರವಾದರೆ ಮರಳಲು ಜಾಗವಿದೆ, ಇನ್ನೊಬ್ಬರಿಗಿಲ್ಲ. ಗಾಡಿ ಆರಿಸುವ ಮುನ್ನ ತಾನು ಯಾವ ಸಾಲಿನವನೆಂದು ನೋಡಿಕೊಳ್ಳುವುದೇ ಮೊದಲ ಪರೀಕ್ಷೆಯೆಂದು ನಮಗೆ ತೋರುತ್ತದೆ. ನಮ್ಮಲ್ಲೂ 2021ರಲ್ಲಿ ಕೇರಳ, ಮಹಾರಾಷ್ಟ್ರ ಸರ್ಕಾರಗಳು ಕ್ಯಾರವಾನ್ ನೀತಿಗಳನ್ನು ಸಾರಿವೆ. ಅವು ಪ್ರವಾಸಿಗಳಿಗೆ, ವಾಸಿಸುವವರಿಗಲ್ಲ.

ಕೊನೆಗೊಂದು ತೊಡಕು ಉಳಿಯುತ್ತದೆ. ಕೈಕಾಲು ಸೋತು, ಕಣ್ಣು ಮಂಜಾಗಿ, ಗಾಡಿ ಓಡಿಸುವುದು ಆಗದಾದಾಗ ಒಂಟಿ ಜೀವ ಏನು ಮಾಡಬೇಕು? ವಿದ್ಯುತ್ ಕೆಲಸಗಾರ ಜೋ ಪೀಟರ್‌ಸನ್, ದಾದಿಯಾಗಿದ್ದ ಅವರ ಪತ್ನಿ ಕೇ ಇಬ್ಬರೂ ಗಾಲಿಯ ಮೇಲೆ ಬಾಳಿದವರೇ. 1978ರಲ್ಲಿ 'ಎಸ್ಕೇಪೀಸ್' ಎಂಬ ಸಂಘ ಕಟ್ಟಿದರು. ಆ ಸಂಘದ ಆಸರೆಯಲ್ಲಿ ಟೆಕ್ಸಾಸಿನ ಲಿವಿಂಗ್‌ಸ್ಟನ್ ಊರಿನಲ್ಲಿ ಒಂದು ಆರೈಕೆಯ ಕೇಂದ್ರ ಬೆಳೆಯಿತು. ಅಲ್ಲಿಗೆ ಬಂದವರು ತಮ್ಮ ಗಾಡಿಯನ್ನು ಬಿಟ್ಟುಕೊಡಬೇಕಾಗಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಊಟದ ಹೊತ್ತಿಗೆ ಊಟದ ಮನೆಗೆ ಹೋಗುತ್ತಿದ್ದರು, ಆರೋಗ್ಯ ವಿಚಾರಿಸಲು ದಾದಿಯರಿದ್ದರು.